ಮತ್ತೆ ಡ್ಯೂಟಿಗೆ

ಚೆಂಸ್ತೊಹೋವಾದವರೆಗೆ ನಾಲ್ಕು ಹಗಲು ನಡೆದದ್ದನ್ನು
ವಾಪಸಿನ ರೈಲು ಎರಡು ಗಂಟೆಯಲ್ಲಿ ಸುತ್ತಿಟ್ಟಿತು.
ಕಿಟಕಿಯಲ್ಲಿ ನಮ್ಮ ಕೊಟ್ಟಿಗೆ, ಮೊನ್ನೆ ರಾತ್ರಿ
ನಲವತ್ತು ಜನ ಹುಲ್ಲಿನ ಮೇಲೆ ಗೊರಕೆ ಹೊಡೆದದ್ದು,
ಹೌದೋ ಅಲ್ಲವೋ ಅನ್ನುವಷ್ಟರಲ್ಲಿ ಹಿಂದೆ ಬಿತ್ತು.

ನನ್ನ ಊರಿನ ಹೆಸರು ವೂಚ್. ಅಂದರೆ ದೋಣಿ.
ತೇಲಲು ನೀರಿಲ್ಲ; ಇದ್ದ ಹೊಳೆಗಳನ್ನು
ನೂಲಿನ ಗಿರಣಿಗಳ ಕಾಲದಲ್ಲೇ ಕೊಳವೆಗೆ ಹಾಕಿ ಮುಚ್ಚಿದರು.
ಇಲ್ಲಿ ಹರಿಯುವುದು ಟ್ರಾಮ್ ಒಂದೇ.
ಹರಿಸುವವಳು ನಾನು, ಇಪ್ಪತ್ತೆರಡು ವರ್ಷದಿಂದ.

ಬೆಳಗ್ಗೆ ನಾಲ್ಕೂ ಹತ್ತಕ್ಕೆ ಡಿಪೋ.
ಹಿಮ್ಮಡಿಯ ಬೊಬ್ಬೆಗೆ ಮುದುಕಿ ಪೆಲಾಗ್ಯಾ
ಸೂಜಿ ಚುಚ್ಚಿ, ದಾರ ಒಳಗೇ ಬಿಟ್ಟಿದ್ದಳು, ನೀರು ಇಳಿಯಲೆಂದು.
ದಾರ ಇನ್ನೂ ಇದೆ. ಬೊಬ್ಬೆ ಬೊಬ್ಬೆ ಹೊಡೆಯುವುದನ್ನು ನಿಲ್ಲಿಸಿದೆ.
ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಅಮ್ಮ ಬೈಯುತ್ತಿದ್ದಳು;
ಈಗ ನೋಡು, ಕಾಲು ಸುಮ್ಮನೆ ಪೆಡಲಿನ ಮೇಲೆ,
ಚಕ್ರಗಳೆಲ್ಲ ಬೇರೆ ಕಡೆ.

ದಾರಿಯಲ್ಲಿ ಎಲ್ಲರೂ ಅಕ್ಕ, ಎಲ್ಲರೂ ಅಣ್ಣ,
ಅದು ಅಲ್ಲಿಯ ರೂಢಿ. ನಿವೃತ್ತ ನ್ಯಾಯಾಧೀಶರೂ ಅಣ್ಣ,
ಧ್ವನಿವರ್ಧಕದ ಕೋಲು ಹೊತ್ತ ಹುಡುಗನೂ ಅಣ್ಣ.
ಇವತ್ತು ಬಾಗಿಲಿಗೆ ಬ್ಯಾಗು ಸಿಕ್ಕಿಸಿಕೊಂಡವಳಿಗೆ
ಮೈಕಿನಲ್ಲಿ 'ಅಕ್ಕಾ, ಸ್ವಲ್ಪ ಒಳಗೆ ಬಾ' ಅಂದುಬಿಟ್ಟೆ.
ಇಡೀ ಬೋಗಿ ಫೋನಿನಿಂದ ತಲೆ ಎತ್ತಿತು.
ಅವಳು ಬೈದಳು. ಬೈಯುತ್ತಲೇ ಒಳಗೆ ಬಂದಳು.

ಮಧ್ಯಾಹ್ನ ಯಾರೂ ಬೇಲಿಯಾಚೆಯಿಂದ
ಪ್ಲಮ್ ಹಣ್ಣಿನ ಪಾನಕ ಚಾಚಲಿಲ್ಲ.
ಗೂಡಂಗಡಿಯವಳು ಚಿಲ್ಲರೆ ಕೇಳಿದಳು, ಕೊಟ್ಟೆ.
ಉಪ್ಪಲ್ಲಿ ನೆನೆದ ಸೌತೆಕಾಯಿ, ಹಂದಿಕೊಬ್ಬು ಹಚ್ಚಿದ ಬ್ರೆಡ್ಡು,
ನನ್ನ ಹೆಸರು ಕೇಳದೆ ತಿನ್ನಿಸಿದ ಆ ಊರುಗಳ ಹೆಸರು
ನಾನೂ ಕೇಳಿರಲಿಲ್ಲ.

ಇನ್ನು ವಿತೋಲ್ದನ ವಿಷಯ.
ಬ್ರೇಕು ರಿಪೇರಿಯವನು. ಇಗರ್ಜಿಯ ಮೆಟ್ಟಿಲು ಹತ್ತದವನು.
ಹೊರಡುವ ಹಿಂದಿನ ಸಂಜೆ, ಗ್ರೀಸು ಮೆತ್ತಿದ ಕೈಯಲ್ಲಿ
ನಾಲ್ಕು ಮಡಿಕೆಯ ಚೀಟಿ: 'ಅಲ್ಲಿ ಇಟ್ಟು ಬಾ. ಓದಬೇಡ.'
ಓದಲಿಲ್ಲ. ಇಡಲೂ ಇಲ್ಲ.
ಕಪ್ಪು ಮುಖದ ಆ ತಾಯಿಯ ಮುಂದೆ, ನೂಕುನುಗ್ಗಲಲ್ಲಿ,
ಅವಳ ಕೆನ್ನೆಯ ಎರಡು ಗೀರುಗಳನ್ನೇ ನೋಡುತ್ತ,
ನಮ್ಮ ಬೀದಿಯ ಹಳಿಗಳಂತೆ ಪಕ್ಕಪಕ್ಕ ಇಳಿಯುವ ಗೀರು,
ನನ್ನ ಬೇಡಿಕೆ ಮರೆತೆ, ಅವನದನ್ನೂ ಮರೆತೆ.
ಭಾನುವಾರ ಮಳೆಯಂಗಿ ಒಗೆಯಲು ಹಾಕಿದೆ.
ಜೇಬಿನಿಂದ ಬಂತು, ಅಕ್ಷರ ಕಳೆದುಕೊಂಡ
ಒಂದು ಬಿಳಿ ಮುದ್ದೆ.

'ಇಟ್ಟೆಯಾ?' ಅಂದ, ಮುಖ ನೋಡದೆ, ನಟ್ಟು ತಿರುಗಿಸುತ್ತ.
'ಹೂಂ' ಅಂದೆ.
ಯಾತ್ರೆ ಮುಗಿದು ಮೂರನೇ ದಿನ, ಮೊದಲ ಸುಳ್ಳು.
ಅವನ ಭುಜ ಇಳಿದದ್ದು ಕಂಡೆ,
ಜಾಕು ತೆಗೆದಾಗ ಬೋಗಿ ಮೆಲ್ಲಗೆ ಹಳಿಯ ಮೇಲೆ ಕೂರುತ್ತದಲ್ಲ, ಹಾಗೆ.

ಆ ಮುದ್ದೆ ಈಗ ನನ್ನ ಕ್ಯಾಬಿನ್ನಿನಲ್ಲಿದೆ,
ಬೆಂಕಿಪೊಟ್ಟಣದೊಳಗೆ, ಒಣಗಿ ಕಲ್ಲಾಗಿ.
ಏನು ಬರೆದಿದ್ದನೋ. ಮಗಳೋ, ಮೂತ್ರಪಿಂಡವೋ,
ಬಿಟ್ಟು ಹೋದ ಯಾರೋ.
ಗೊತ್ತಿಲ್ಲದ್ದನ್ನು ಬೇಡುವುದು ಹೇಗೆ?
'ಅದು' ಅನ್ನುತ್ತೇನೆ. ಹೊರಡುವಾಗೊಮ್ಮೆ, ತಿರುವಿನಲ್ಲೊಮ್ಮೆ.
'ತಾಯೀ, ವಿತೋಲ್ದನದು. ಅದು.'

ಲೆಕ್ಕ ಹಾಕಿದೆ: ನಾಲ್ಕು ದಿನ ನಡೆದಷ್ಟು ದೂರ
ಇಲ್ಲಿ ಒಂದು ಪಾಳಿಯಲ್ಲಿ ಮುಗಿಯುತ್ತದೆ.
ಎಲ್ಲಿಗೂ ಮುಟ್ಟುವುದಿಲ್ಲ, ಅದು ಬೇರೆ ಮಾತು.
ಕೊನೆಯ ಸ್ಟಾಪು. ಸೀಟಿನಡಿ ಯಾರದೋ ಕೊಡೆ.
ಬಗ್ಗಿ ಎತ್ತಿಕೊಳ್ಳುವಾಗ, ಎಡಗಾಲು ಊರಿದಲ್ಲಿ,
ದಾರ ಚುರ್ರೆಂದಿತು.
ಪೆಲಾಗ್ಯಾ ಹೇಳಿದ್ದಳು: ನೀನಾಗಿ ಎಳೆಯಬೇಡ,
ಅದಾಗಿ ಬೀಳುತ್ತದೆ.